ಖಾಸಬಾಗದ ಪಟ್ಟಿ ಮೋಡ

ತಂಗಿ ನನಗೆ ಒಪ್ಪಿಸಿದ್ದು ಮೂರೇ ಕೆಲಸ. ದಿನಾ ಬೆಳಿಗ್ಗೆ ಮಾಳಿಗೆ ಹತ್ತಿ ಯಂತ್ರದ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವುದು. ಅದರ ಮೇಲೆ ಯಾವುದರ ನೆರಳೂ ಬೀಳದಂತೆ ನೋಡಿಕೊಳ್ಳುವುದು. ತಾಸಿಗೊಮ್ಮೆ ಆಕಾಶ ನೋಡಿ, ಹೇಗಿದೆಯೋ ಹಾಗೆ ನೋಟುಬುಕ್ಕಿನಲ್ಲಿ ಬರೆಯುವುದು. ಮೊದಲನೆಯದನ್ನು ನಾನು ಒಂದು ದಿನವೂ ತಪ್ಪಿಸಲಿಲ್ಲ. ಉಳಿದ ಎರಡನ್ನು ಮಾಡಲಿಲ್ಲ. ಮಾಡಲಿಲ್ಲ ಎಂದರೆ ಮರೆತೆ ಅಂತಲ್ಲ. ನೆರಳನ್ನು ನಾನೇ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಯಂತ್ರದ ತಲೆಯ ಮೇಲೆ ಇಟ್ಟೆ. ಆಮೇಲೆ ನೋಟುಬುಕ್ಕಿನಲ್ಲಿ 'ಮೋಡ' ಅಂತ ಬರೆದೆ. ಆ ಮೋಡದ ಹಿಂದೆ ನನ್ನ ತಂಗಿ ಒಂದು ವರ್ಷ ಅಲೆದಳು.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ನಮ್ಮದು ಬೆಳಗಾವಿಯ ಖಾಸಬಾಗದಲ್ಲಿ ನೇಕಾರರ ಓಣಿ. ಮನೆಯ ಕೆಳಗಡೆ ಎರಡು ಪವರ್‌ಲೂಮು, ಮೇಲೆ ವಾಸ, ಅದರ ಮೇಲೆ ಬಯಲು ಮಾಳಿಗೆ. ಅಪ್ಪನಿಗೆ ಮಗ್ಗದ ಹತ್ತಿರ ಇನ್ನೊಂದು ಕೈ ಬೇಕಿತ್ತು, ನನಗೆ ಲೆಕ್ಕದ ಮಾಸ್ತರರಿಂದ ತಪ್ಪಿಸಿಕೊಳ್ಳಬೇಕಿತ್ತು. ಇಬ್ಬರ ಕೆಲಸವೂ ಒಂದೇ ದಿನ ಆಯಿತು. ಅಪ್ಪ ಓದಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಈ ಬರಹದಲ್ಲಾದರೂ ಸುಳ್ಳು ಬೇಡ. ತಂಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ಮಗ್ಗದ ಸದ್ದಿನಲ್ಲೇ ತೊಟ್ಟಿಲಲ್ಲಿ ಮಲಗಿದವಳು, ಮಗ್ಗ ನಿಂತರೆ ಎದ್ದು ಅಳುತ್ತಿದ್ದವಳು. ಅವಳು ಓದಿದಳು. ಓದುತ್ತಾ ಹೋಗಿ, ಕೊನೆಗೆ ಗಾಳಿಯಲ್ಲಿರುವ ಹೊಲಸು ಅನಿಲಗಳನ್ನು ಬಿಸಿಲಿನಿಂದ ಅಳೆಯುವ ವಿದ್ಯೆಗೆ ಬಂದು ನಿಂತಳು. ಅದರಲ್ಲೇ ಪಿಎಚ್‌ಡಿ ಮಾಡುತ್ತಿದ್ದಳು.

ಒಂದು ಚಳಿಗಾಲದ ಕೊನೆಗೆ ಅವಳು ಎರಡು ಯಂತ್ರಗಳನ್ನು ತಂದಳು. ತಂಬಿಗೆಯಷ್ಟು ದೊಡ್ಡ ತಲೆ, ಅದರಲ್ಲಿ ಗಾಜಿನ ಒಂದೇ ಕಣ್ಣು, ಕೆಳಗೆ ತಿರುಗುವ ಕಾಲು, ಅಲ್ಲಿಂದ ಮನೆಯೊಳಗಿನ ಪೆಟ್ಟಿಗೆಗೆ ಬೆಳಕನ್ನು ತರುವ ತೆಳ್ಳನೆಯ ಕೊಳವೆ. ಇದು ಬಿಸಿಲಿನಿಂದ ಹೊಗೆಯನ್ನು ಹೇಗೆ ಅಳೆಯುತ್ತದೆ ಎಂದು ಕೇಳಿದೆ. ಅವಳು ಪುಸ್ತಕ ತೆಗೆಯಲಿಲ್ಲ. ಮಗ್ಗದಿಂದ ಆಗತಾನೆ ಇಳಿದಿದ್ದ ಸೀರೆಯ ಸೆರಗನ್ನು ಎತ್ತಿ ಕಿಟಕಿಗೆ ಹಿಡಿದಳು.

"ಇದರಾಗ ಏನ ತಪ್ಪೈತಿ ಹೇಳು."

ಅಂಚಿನಿಂದ ಏಳನೆಯ ಎಳೆ ಹರಿದಿದೆ, ಆಚೆ ಇನ್ನೊಂದು ಇಲ್ಲ ಎಂದೆ.

"ಹೆಂಗ ಗೊತ್ತಾತು?"

"ಬೆಳಕಿಗೆ ಹಿಡಿದ್ರ ಸಂದ ಕಾಣತೈತಿ."

"ನನ್ನ ಮಷಿನ್ ಮಾಡೂದೂ ಅಷ್ಟ, ಅಣ್ಣಾ. ಬಿಸಲನ್ನ ಎಳಿ ಎಳಿ ಬಿಡಿಸಿ ನೋಡತೈತಿ. ಗಾಳ್ಯಾಗಿನ ಒಂದೊಂದ ಅನಿಲ ತನಗ ಬೇಕಾದ ಬಣ್ಣದ ಎಳೀನ ತಿಂತೈತಿ. ಯಾವ ಎಳಿ ತಪ್ಪೈತಿ ನೋಡಿದ್ರ ಯಾವ ಅನಿಲ, ಎಷ್ಟ ಐತಿ, ಎಲ್ಲಾ ತಿಳಿತೈತಿ."

ಅಂದಿನಿಂದ ಆ ಯಂತ್ರ ನಮ್ಮ ಕಸುಬಿನದೇ ಎಂದು ನನಗೆ ಅನ್ನಿಸಿಬಿಟ್ಟಿತು. ಅವಳು ಹುಡುಕುತ್ತಿದ್ದುದು ಎರಡು ಅನಿಲ. ಒಂದು ಗಾಡಿಗಳ ಹೊಗೆಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್, ಇನ್ನೊಂದು ಕಸ, ಕಟ್ಟಿಗೆ ಸುಟ್ಟಾಗ ಏಳುವ ಫಾರ್ಮಾಲ್ಡಿಹೈಡ್. ಹೆಸರು ನಾಲಿಗೆಗೆ ಕೂಡಲು ನನಗೆ ಒಂದು ವಾರ ಹಿಡಿಯಿತು. ಒಂದು ಯಂತ್ರ ನಮ್ಮ ಮಾಳಿಗೆಯ ಮೇಲೆ, ಇನ್ನೊಂದು ಖಾನಾಪುರದಲ್ಲಿ ಚಿಗವ್ವನ, ಎಂದರೆ ಅವ್ವನ ತಂಗಿಯ, ಮನೆಯ ಮೇಲೆ. ಅಲ್ಲಿ ಕಾಡು ಹತ್ತಿರ, ಗಾಳಿ ಶುದ್ಧ. ಆ ಗಾಳಿಗೂ ನಮ್ಮ ಗಾಳಿಗೂ ಎಷ್ಟು ಅಂತರ ಎಂದು ಮಳೆಗಾಲ ಬರುವವರೆಗೆ ನೋಡುವುದು. ಅಲ್ಲಿ ಅವಳು, ಇಲ್ಲಿ ನಾನು. ಆಕಾಶ ಬರೆಯಲು ಇಬ್ಬರಿಗೂ ಒಂದೇ ತರದ ನೀಲಿ ರಟ್ಟಿನ ನೋಟುಬುಕ್ಕು.

ಹೋಗುವಾಗ ಅವಳು ಇನ್ನೊಂದು ಮಾತು ಹೇಳಿದ್ದಳು. ಯಂತ್ರಕ್ಕೆ ತನಗೂ ಸೂರ್ಯನಿಗೂ ನಡುವೆ ಇರುವ ಗಾಳಿ ಮಾತ್ರ ಕಾಣುತ್ತದೆ, ಯಾರ ಮನೆಯ ಹೊಗೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ ಎಂದು. ಎರಡು ಸಲ ಹೇಳಿದ್ದಳು.

ಯಂತ್ರ ಕೂತ ಮೂರನೆಯ ದಿನಕ್ಕೆ ತಕರಾರು ಶುರುವಾಯಿತು. ಅದು ಬೆಳಿಗ್ಗೆ ಮೂಡಣಕ್ಕೆ ಮುಖ ಮಾಡಿ ಏಳುತ್ತಿತ್ತು. ಹೊತ್ತು ಏರಿದಂತೆ ಕಿರ್ರ್ ಎನ್ನುತ್ತ ಕತ್ತೆತ್ತಿ, ಸ್ವಲ್ಪ ಸ್ವಲ್ಪವೇ ತಿರುಗಿ, ಸಂಜೆಗೆ ಪಡುವಣದಲ್ಲಿ ತಲೆ ತಗ್ಗಿಸುತ್ತಿತ್ತು. ಮೂಡಣದ ಮಾಳಿಗೆಯಲ್ಲಿ ಹಪ್ಪಳ ಹಾಕುತ್ತಿದ್ದ, ಓಣಿಯೆಲ್ಲ ಕಾಕು ಎಂದು ಕರೆಯುವ ನೆರೆಮನೆಯ ಮುದುಕಿ, ಅದು ಮಧ್ಯಾಹ್ನದವರೆಗೂ ತನ್ನನ್ನೇ ನೋಡುತ್ತದೆ ಎಂದಳು. ಅದು ನೋಡುವುದು ಸೂರ್ಯನನ್ನು ಎಂದೆ. ಸೂರ್ಯ ಹುಟ್ಟಿದಾಗಿನಿಂದ ತನ್ನನ್ನು ನೋಡುತ್ತಿದ್ದಾನೆ, ಆದರೆ ಹೀಗೆ ಗಾಜು ಹಾಕಿಕೊಂಡು ನೋಡಿರಲಿಲ್ಲ ಎಂದಳು. ಮರುದಿನ ಪಡುವಣದ ಮನೆಯವರು ಬಂದರು. ಅವರ ದೂರು ಬೇರೆ. ಬೆಳಗಿನ ಹೊತ್ತೆಲ್ಲ ಆ ಕಡೆಯವರಿಗೆ, ನಮ್ಮ ಪಾಲಿಗೆ ಬರುವಾಗ ಬರೀ ಮುಳುಗುವ ಹೊತ್ತೇ?

ಇದನ್ನೆಲ್ಲ ನಕ್ಕು ಮುಗಿಸಬಹುದಿತ್ತು. ಆದರೆ ಒಂದು ಮುಂಜಾನೆ ಲೆಕ್ಕದ ಮಾಸ್ತರರು ನಮ್ಮ ಬಾಗಿಲಿಗೆ ಬಂದರು.

ಅವರೇ, ನಾನು ಶಾಲೆ ಬಿಡಲು ಕಾರಣರಾದವರು. ಎದುರು ಮನೆಯಲ್ಲೇ ಇರುತ್ತಾರೆ. ಪೆನ್ಶನ್ ಆಗಿ ಬಹಳ ವರ್ಷವಾಯಿತು, ಆದರೆ ನಾನು ಇವತ್ತಿಗೂ ಅವರು ಕಟ್ಟೆಯ ಮೇಲೆ ಕೂತಿದ್ದರೆ ಓಣಿಯ ಆ ಬಾಜು ನಡೆಯುವುದಿಲ್ಲ. ಒಳಗೆ ಬಂದು, ಕುಂದರ್ರಿ ಎನ್ನುವವರೆಗೂ ನಿಂತೇ ಇದ್ದರು. ಆಮೇಲೆ ಕೇಳಿದರು: "ಈ ಮಷಿನ್ ಖರೇ ಏನ ಮಾಡತೈತ್ರಿ, ಸಾಹೇಬ್ರ?"

ಸಾಹೇಬ್ರ. ಜನ ನನ್ನನ್ನು ಮಗ್ಗದವನು ಅಂದಿದ್ದಾರೆ, ಅಣ್ಣಾ ಅಂದಿದ್ದಾರೆ, ಲೇ ಅಂದಿದ್ದಾರೆ. ಮಾಸ್ತರರ ಈ ಬಾಯಿಯೇ ಒಮ್ಮೆ ಏಳನೆಯ ಇಯತ್ತೆಯ ಮುಂದೆ ನನಗೆ ಏನೇನೋ ಅಂದಿತ್ತು. ನಾನು ಕುತ್ತಿಗೆ ನೆಟ್ಟಗೆ ಮಾಡಿಕೊಂಡೆ.

"ಯಾರ ಏನ ಸುಟ್ರೂ ಇದಕ್ಕ ತಿಳಿತೈತ್ರಿ, ಸರ್."

"ಯಾರ ಮನಿ ಅಂತ ಸಹಿತ?"

"ಮನಿ ಸಹಿತ," ಎಂದೆ.

ಎರಡೇ ಶಬ್ದ. ಸಂಜೆಯೊಳಗೆ ಓಣಿ ತುಂಬ ಹಬ್ಬಿತು. ನಾಲ್ಕನೆಯ ಮನೆ ತಲುಪುವ ಹೊತ್ತಿಗೆ ಯಂತ್ರ ಮನೆಮನೆಯ ಹೊಗೆಯನ್ನು ಬೇರೆ ಬೇರೆ ತೂಗಿ ಮೇಲಿನವರಿಗೆ ಚೀಟಿ ಕಳಿಸುತ್ತದೆ ಎಂದಾಗಿತ್ತು. ನಾನು ಇಲ್ಲ ಎನ್ನಲಿಲ್ಲ.

ನಮ್ಮ ಓಣಿಯಲ್ಲಿ ಇವತ್ತಿಗೂ ಹೆಚ್ಚಿನ ಮನೆಗಳಲ್ಲಿ ಜಳಕದ ನೀರು ಕಾಯುವುದು ಹಿತ್ತಲಿನ ಹಂಡೆ ಒಲೆಯ ಮೇಲೆ. ಕಟ್ಟಿಗೆಯ ಜೊತೆ ನೂಲಿನ ಕಸ, ಹರಿದ ಚಪ್ಪಲಿ, ರಟ್ಟು, ಏನು ಸಿಕ್ಕರೆ ಅದು ಒಲೆಗೆ ಹೋಗುತ್ತದೆ. ಜಳಕವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ಚಹಾ ಇಲ್ಲ. ಒಲೆ ಬಿಡಲು ಯಾರಿಂದಲೂ ಆಗದು. ಮಾಸ್ತರರು ಎರಡು ದಿನ ಯೋಚಿಸಿ ಲೆಕ್ಕ ಬಿಡಿಸಿದರು. ಯಂತ್ರ ನಡೆಯುವುದು ಬಿಸಿಲಿನ ಮೇಲೆ. ಬಿಸಿಲಿಲ್ಲದಾಗ ಅದು ಕುರುಡು. ಅಂದ ಮೇಲೆ ಸೂರ್ಯ ಹುಟ್ಟುವ ಮೊದಲೇ ಓಣಿಯ ಒಲೆಗಳೆಲ್ಲ ಆರಿದರೆ ಯಾರ ಚೀಟಿಯೂ ಹೋಗುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯೋದಯ ನೋಡಿಕೊಂಡು, ಅದಕ್ಕೆ ಹತ್ತು ನಿಮಿಷ ಮೊದಲು ಕಟ್ಟೆಯ ಮೇಲೆ ನಿಂತು ಹಿತ್ತಾಳೆಯ ತಾಟು ಬಡಿಯತೊಡಗಿದರು. ಶಾಲೆಯ ಗಂಟೆಯ ಹಾಗೆಯೇ, ಮೂರು, ಆಮೇಲೆ ಒಂದು.

ಹೀಗಾಗಿ ನಮ್ಮ ಓಣಿ ಕತ್ತಲಲ್ಲಿ ಮೀಯತೊಡಗಿತು. ಬೆಳಕು ಹರಿಯುವ ಹೊತ್ತಿಗೆ ಹಿರಿಯರೆಲ್ಲ ಹಣೆಗೆ ವಿಭೂತಿ ಹಚ್ಚಿಕೊಂಡು ತಮ್ಮ ತಮ್ಮ ಕಟ್ಟೆಯ ಮೇಲೆ, ಇನ್ನೇನು ಮಾಡುವುದು ಎಂದು ತಿಳಿಯದೆ, ಸಾಲಾಗಿ ಕೂತಿರುತ್ತಿದ್ದರು. ಹಾಲಿನವನು ಮೊದಲನೆಯ ದಿನ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು ಸೈಕಲ್ಲು ಇಳಿದು ಟೊಪ್ಪಿಗೆ ತೆಗೆದು ನಿಂತ. ಹನ್ನೊಂದಕ್ಕೇ ಎಲ್ಲರಿಗೂ ಹಸಿವು, ಎರಡಕ್ಕೆ ನಿದ್ದೆ. ಜೀವಮಾನವೆಲ್ಲ ಹತ್ತು ಗಂಟೆಗೆ ಮಿಂದ ಕಾಕುವಿಗೆ ನೆಗಡಿ ಹಿಡಿದು ಯುಗಾದಿಯವರೆಗೂ ಬಿಡಲಿಲ್ಲ. ಹಪ್ಪಳ ಹಾಕುತ್ತ ಸೀನುವಾಗಲೂ ಯಂತ್ರದ ಕಡೆಗೆ ಬೆನ್ನು ಮಾಡಿಯೇ ಸೀನುತ್ತಿದ್ದಳು.

ಖಾನಾಪುರದಿಂದ ತಂಗಿಯ ಫೋನು ಬಂತು. ಖಾಸಬಾಗದ ಹೊಗೆ ವಿಚಿತ್ರವಾಗಿದೆ ಎಂದಳು. ಬೆಳಿಗ್ಗೆ ಸ್ವಲ್ಪ ಸ್ವಲ್ಪವೇ ಏರಬೇಕಾದದ್ದು, ಯಂತ್ರ ಕಣ್ಣು ಬಿಡುವಾಗಲೇ ತುದಿಯಲ್ಲಿ ಇರುತ್ತದೆ, ಆಮೇಲೆ ಇಳಿಯುತ್ತದೆ. ಒಲೆ ಆರಿದ ಕೂಡಲೇ ಹೊಗೆಯೂ ಮಾಯವಾಗುತ್ತದೆ ಎಂದು ಮಾಸ್ತರರು ತಿಳಿದಿದ್ದರು; ಹೊಗೆಗೆ ಅವರ ತಾಟಿನ ಸದ್ದು ಕೇಳಿಸುತ್ತಿರಲಿಲ್ಲ. ಓಣಿಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಅವಳು ಕೇಳಿದಳು. ಏನಿಲ್ಲ ಎಂದೆ. ಅವಳಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಫೋನಿನಲ್ಲಿ ಹೇಳುವಾಗ ಸುಲಭವಾಗಿಯೇ ಬಂತು.

ಚೈತ್ರದಲ್ಲಿ ಮಾಸ್ತರರ ಮೊಮ್ಮಗಳ ನಿಶ್ಚಯ. ಓಣಿಯಲ್ಲೇ ಪೆಂಡಾಲು, ಹಗಲು ಹೊತ್ತಿನಲ್ಲೇ ಕಟ್ಟಿಗೆಯ ಒಲೆ ಹೂಡಿ ಹೋಳಿಗೆ ಊಟ. ಮಾಸ್ತರರು ಆಮಂತ್ರಣ ಹೇಳಲು ಬಂದವರು ನನ್ನ ಕೈಗೆ ಅಕ್ಷತೆ ಕೊಟ್ಟರು. ಆಮೇಲೆ ಮಾಳಿಗೆ ಹತ್ತಿ, ಯಂತ್ರದ ಬುಡದಲ್ಲೂ ನಾಲ್ಕು ಕಾಳು ಇಟ್ಟು, ಅದಕ್ಕೂ ಬರಲು ಹೇಳಿದರು. ಅವರು ತಮಾಷೆ ಮಾಡುತ್ತಿದ್ದಾರೋ ಹೇಗೋ ಎಂದು ಮುಖ ನೋಡಿದೆ. ಇಲ್ಲ.

ಅವತ್ತು ಒಂದು ದಿನ ಅದರ ಮುಖ ಆ ಕಡೆ ತಿರುಗಿಸಲು ಆಗುವುದೇ ಎಂದು ಕೇಳಿದರು. ಅದು ನನ್ನ ಕೈಯಲ್ಲಿ ಇಲ್ಲ, ಸೂರ್ಯನ ಹಿಂದೆ ಹೋಗುತ್ತದೆ ಎಂದೆ. ಹಾಗಾದರೆ ಅದರ ಮುಖಕ್ಕೆ ಸೆರಗು ಹೊಚ್ಚಿರಿ ಎಂದರು. ಬಟ್ಟೆ ತಿರುಗುವ ಕಾಲಿಗೆ ಸಿಕ್ಕಿಕೊಳ್ಳುತ್ತದೆ ಎಂದೆ. ಅವರು ಸುತ್ತ ನೋಡಿದರು. ಗೋಡೆಯ ಬುಡದಲ್ಲಿ ಅವ್ವ ಮೆಣಸಿನಕಾಯಿ ಒಣಗಿಸಿ ತುಂಬಿಡುವ ದೊಡ್ಡ ಬಿದಿರ ಬುಟ್ಟಿ ಬೋರಲಾಗಿ ಬಿದ್ದಿತ್ತು. ಮಾಸ್ತರರು ಬುಟ್ಟಿಯನ್ನು ನೋಡಿ, ನನ್ನನ್ನು ನೋಡಿ, ಸಣ್ಣ ದನಿಯಲ್ಲಿ ಹೇಳಿದರು:

"ಸಾಲ್ಯಾಗ ನಾ ನಿಮಗ ಬಡದಿರಬೇಕು. ಮನಸಿನ್ಯಾಗ ಇಟ್ಕೋಬ್ಯಾಡ್ರಿ, ಸಾಹೇಬ್ರ."

ಇಪ್ಪತ್ತೈದು ವರ್ಷದಿಂದ ನನಗೆ ಗೊತ್ತಿಲ್ಲದೆಯೇ ನಾನು ಕಾಯುತ್ತಿದ್ದ ಮಾತು ಅದು. ಆ ಮಾತಿಗೆ ಪ್ರತಿಯಾಗಿ ಅವರು ಮಾಳಿಗೆಯನ್ನೇ ಕೇಳಿದ್ದರೂ ಕೊಡುತ್ತಿದ್ದೆ. ಅವರು ಕೇಳಿದ್ದು ಬುಟ್ಟಿ.

ನಿಶ್ಚಯದ ದಿನ ಬೆಳಿಗ್ಗೆ ಎಂಟಕ್ಕೆ ಬುಟ್ಟಿ ಮುಚ್ಚಿದೆ. ಒಳಗೆ ಯಂತ್ರ ಕಿರ್ರ್ ಎನ್ನುತ್ತ ತಿರುಗುತ್ತಲೇ ಇತ್ತು. ಮುಚ್ಚಿದರೂ ಸೂರ್ಯ ಎಲ್ಲಿದ್ದಾನೆಂದು ಅದಕ್ಕೆ ಗೊತ್ತು. ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಆಕಾಶ ಹಿಟ್ಟು ನಾದಿ ತೊಳೆದಿಟ್ಟ ಪರಾತದ ಹಾಗಿತ್ತು. 'ಬುಟ್ಟಿ' ಎಂದು ಬರೆದಿದ್ದರೆ ಮುಗಿಯುತ್ತಿತ್ತು. ತಂಗಿ ಆ ಐದು ತಾಸು ತೆಗೆದು ಹಾಕುತ್ತಿದ್ದಳು, ನನ್ನನ್ನು ಬೈಯುತ್ತಿದ್ದಳು, ಅಷ್ಟೇ. 'ಮೋಡ' ಎಂದು ಬರೆದೆ. ಕೆಳಗಿಳಿದು ಮೊದಲ ಪಂಕ್ತಿಯಲ್ಲಿ ಬೀಗರ ಪಕ್ಕ ಕೂತು ಹೋಳಿಗೆ ಉಂಡೆ. ಮಾಸ್ತರರು ನನ್ನನ್ನು ಅವರಿಗೆ ಪರಿಚಯ ಮಾಡಿಕೊಟ್ಟರು: ಇವರು ನಮ್ಮ ಓಣಿಯ ಹವಾ ಸಾಹೇಬರು.

ಒಬ್ಬರಿಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಆಗುವುದಿಲ್ಲ ಎನ್ನುವುದು ಹೇಗೆ? ತೊಟ್ಟಿಲು ಕಾರ್ಯ, ಗೃಹಪ್ರವೇಶ, ನಾಲ್ಕು ಮದುವೆ. ಮುಂಗಾರಿನೊಳಗೆ ಏಳು ಸಲ ಬುಟ್ಟಿ ಏರಿತು. ಪ್ರತಿ ಸಲವೂ ಒಂದೇ ತರ ಬರೆದರೆ ಚೆನ್ನಾಗಿರುವುದಿಲ್ಲ ಎಂದು 'ತೆಳು ಮೋಡ', 'ದಟ್ಟ ಮೋಡ', ಒಮ್ಮೆ 'ಮೋಡ, ಮಂದ ಗಾಳಿ' ಎಂದೂ ಬರೆದೆ. ಶಾಲೆಯಲ್ಲಿ ನಿಬಂಧ ಬರೆಯಲು ಬಾರದವನಿಗೆ ಅಷ್ಟೊಂದು ಮೋಡ ಎಲ್ಲಿಂದ ಬಂದವೋ.

ಮಳೆ ಹಿಡಿದು ಯಂತ್ರ ಇಳಿಸಿದ ಮೇಲೆ ತಂಗಿ ಒಂದು ಮಧ್ಯಾಹ್ನ ಕಂಪ್ಯೂಟರು ಹಿಡಿದುಕೊಂಡು ಮಗ್ಗದ ಹತ್ತಿರಕ್ಕೇ ಬಂದಳು. ಮುಖ ಅರಳಿತ್ತು. ನಿನ್ನ ಮೋಡಗಳು ಸಾಮಾನ್ಯದವಲ್ಲ ಎಂದಳು. ಪರದೆಯ ಮೇಲೆ ಒಂದು ಗೆರೆ ಇಳಿಯುತ್ತಿತ್ತು, ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಹನ್ನೆರಡು ಹದಿಮೂರು ನಿಮಿಷಕ್ಕೊಮ್ಮೆ ಬೆಳಕು ಹೋಗಿ ಬರುತ್ತಿತ್ತು, ಅಳತೆ ಇಟ್ಟ ಹಾಗೆ. ಅವಳ ಗೈಡು ಅದನ್ನು ನೋಡಿ ಕುರ್ಚಿಯಿಂದ ಎದ್ದುಬಿಟ್ಟರಂತೆ. ಖಾನಾಪುರದ ಕಡೆಯ ಘಟ್ಟ ದಾಟಿ ಬರುವ ಗಾಳಿ ಅಲೆ ಅಲೆಯಾಗಿ ಏಳುತ್ತದೆ, ಆ ಅಲೆಯ ನೆತ್ತಿಯ ಮೇಲೆ ಪಟ್ಟಿ ಪಟ್ಟಿಯಾಗಿ ಮೋಡ ಕಟ್ಟುತ್ತದೆ, ಅದೇ ಇದಾಗಿರಬೇಕು, ಬೆಳಗಾವಿಯ ಮೇಲೆ ಅದನ್ನು ಹೀಗೆ ಯಾರೂ ಹಿಡಿದಂತಿಲ್ಲ ಎಂದರಂತೆ.

"ಪಟ್ಟಿ ಪಟ್ಟಿ ಇದ್ದುವೇನಣ್ಣಾ? ನೆನಪ ಮಾಡ್ಕೊಂಡ ಹೇಳು."

ಮೂಲೆಯಲ್ಲಿ ಬುಟ್ಟಿ ಕೂತಿತ್ತು. ಬಿದಿರ ಪಟ್ಟಿ, ಸಂದು, ಬಿದಿರ ಪಟ್ಟಿ, ಸಂದು. ಎಳೆಯ ನಡುವಿನ ಸಂದು ನೋಡಿಯೇ ಜೀವನ ಕಳೆದ ನನಗೆ, ಸೂರ್ಯ ಆ ಸಂದುಗಳನ್ನು ಒಂದೊಂದಾಗಿ ದಾಟುತ್ತಾನೆಂದು ಹೊಳೆದಿರಲಿಲ್ಲ.

"ಇದ್ದುವು," ಎಂದೆ.

ಅವಳು ನನ್ನ ಬುಟ್ಟಿಯ ಮೇಲೆ ಒಂದು ಇಡೀ ಅಧ್ಯಾಯ ಬರೆದಳು. ಬೈಂಡು ಮಾಡಿಸಿ ತಂದು ತೋರಿಸಿದಳು. ಅದರ ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿದ್ದ ಒಂದು ಸಾಲನ್ನು ಬೆರಳಿಟ್ಟು ಕನ್ನಡ ಮಾಡಿ ಓದಿದಳು: ಆಕಾಶವನ್ನು ಕಣ್ಣಾರೆ ಕಂಡು ಬರೆದವರು ನನ್ನ ಅಣ್ಣ. ಅವ್ವ ಆ ಪುಟಕ್ಕೆ ವಿಭೂತಿ ಹಚ್ಚಿದಳು. ಹೇಳಬೇಕು ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಗ್ಗದಲ್ಲಿ ಎಳೆ ಹರಿಯಿತು. ಹರಿದದ್ದು ನಿಜ. ಆದರೆ ಒಂದು ಎಳೆ ಕಟ್ಟಲು ನಾನು ಅವತ್ತು ಸಂಜೆಯವರೆಗೂ ತೆಗೆದುಕೊಂಡೆ, ಅದೂ ನಿಜ.

ಪಿಎಚ್‌ಡಿ ಪರೀಕ್ಷಿಸುವ ಕಮಿಟಿಯ ಮುಂದೆ ಏನಾಯಿತು ಎಂಬುದನ್ನು ಅವಳು ಆಮೇಲೆ ಹೇಳಿದಳು. ಅನಿಲಗಳ ಲೆಕ್ಕವನ್ನೆಲ್ಲ ಅವರು ಒಪ್ಪಿದರು. ಮೋಡದ ಅಧ್ಯಾಯಕ್ಕೆ ಬಂದಾಗ ಅವರಲ್ಲೊಬ್ಬರು ಉಪಗ್ರಹದ ಚಿತ್ರ ತೆಗೆದರು. ಆ ಏಳೂ ದಿನ ಜಿಲ್ಲೆಯ ಮೇಲೆ ಹತ್ತಿಯಷ್ಟೂ ಮೋಡವಿರಲಿಲ್ಲ. ಖಾನಾಪುರದಲ್ಲಿ ಅವಳೇ ಬರೆದ ನೋಟುಬುಕ್ಕಿನಲ್ಲೂ ಇರಲಿಲ್ಲ. ಖಾಸಬಾಗದ ಮೋಡ ಗಡಿಯಾರ ನೋಡಿಕೊಂಡು ಎಂಟಕ್ಕೆ ಬಂದು ಊಟ ಮುಗಿಸಿ ಒಂದಕ್ಕೆ ಹೋಗುತ್ತದಲ್ಲ ಎಂದು ಅವರು ನಕ್ಕರಂತೆ. ಇವಳು ನಗಲಿಲ್ಲ. ಉಪಗ್ರಹ ದೂರದಲ್ಲಿದೆ, ನನ್ನ ಅಣ್ಣ ಅದರ ಕೆಳಗೇ ನಿಂತಿದ್ದ ಎಂದಳಂತೆ. ಹಾಗಾದರೆ ಇನ್ನೊಂದು ಬೇಸಿಗೆ ಅಳೆಯಿರಿ, ಇಲ್ಲವೇ ಈ ಅಧ್ಯಾಯ ತೆಗೆದು ಈಗಲೇ ಕೊಡಿ ಎಂದರು. ಈಗಲೇ ಕೊಟ್ಟಿದ್ದರೆ ಧಾರವಾಡದ ಕಡೆಯ ಒಂದು ಕಾಲೇಜಿನಲ್ಲಿ ಅವಳಿಗೆ ಕೆಲಸ ಕಾದಿತ್ತು. ಅವಳು ಇನ್ನೊಂದು ಬೇಸಿಗೆಯನ್ನು ಆರಿಸಿಕೊಂಡಳು. ಕೆಲಸ ಬೇರೆಯವರಿಗೆ ಹೋಯಿತು.

ಮುಂದಿನ ಚಳಿಗಾಲದ ಕೊನೆಗೆ ಯಂತ್ರ ಮತ್ತೆ ನಮ್ಮ ಮಾಳಿಗೆ ಏರಿತು. ನೋಟುಬುಕ್ಕು ಮತ್ತೆ ನನ್ನ ಕೈಗೇ ಬಂತು. ಈ ಸಲ ಜೊತೆಗೊಂದು ಪುಟ್ಟ ಕ್ಯಾಮೆರಾ, ಬೋಳುತಲೆಯ ಹಾಗೆ ಗುಂಡಗೆ, ಆಕಾಶದ ಕಡೆ ಮುಖ ಮಾಡಿ. ನಿನ್ನ ಮೋಡದ ಫೋಟೋ ಸಿಕ್ಕರೆ ಸಾಕು, ಎಲ್ಲರ ಬಾಯಿ ಮುಚ್ಚುತ್ತದೆ ಎಂದು ತಂಗಿ ಅದನ್ನು ಬಹಳ ಪ್ರೀತಿಯಿಂದ ಕೂರಿಸಿದಳು. ಖಾನಾಪುರಕ್ಕೆ ಹೋಗಿ ಕಾಯತೊಡಗಿದಳು.

ನಾನು ಓಣಿಯಲ್ಲಿ ಬುಟ್ಟಿ ಬಂದ್ ಮಾಡಿದೆ. ಮಾಸ್ತರರಿಗೆ, ಯಂತ್ರಕ್ಕೆ ಈಗ ಕ್ಯಾಮೆರಾ ಬಂದಿದೆ, ಬುಟ್ಟಿ ಹಿಡಿದವನ ಫೋಟೋ ಬೀಳುತ್ತದೆ ಎಂದೆ. ನನ್ನ ಮಟ್ಟಿಗೆ ಅದು ಖರೇ ಇತ್ತು. ಏಕೆಂದರೆ ಒಂದು ದಿನ, ಅವಳ ಸಲುವಾಗಿಯೇ ಒಂದು ಮೋಡ ಮಾಡಿಕೊಡೋಣವೇ ಎಂದು ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದವನು, ಆ ಗುಂಡು ಗಾಜಿನಲ್ಲಿ ಬುಟ್ಟಿ ಹಿಡಿದ ನನ್ನ ಮುಖವನ್ನೇ ಕಂಡು ಇಳಿದುಬಂದಿದ್ದೆ. ಇಷ್ಟಾದರೂ ತಾಟಿನ ಗಂಟೆ, ಕತ್ತಲ ಜಳಕ ಮಾತ್ರ ನಿಲ್ಲಲಿಲ್ಲ. ಅದು ಓಣಿಗೆ ರೂಢಿಯಾಗಿಬಿಟ್ಟಿತ್ತು. ಹೊಸದಾಗಿ ಬಂದ ಸೊಸೆಯರು ಇದು ಇಲ್ಲಿಯ ಹಳೆಯ ಸಂಪ್ರದಾಯವೆಂದೇ ತಿಳಿದಿದ್ದರು.

ಮೋಡ ಬರಲಿಲ್ಲ. ಮಾಘ ಹೋಯಿತು, ಚೈತ್ರ ಹೋಯಿತು. ಬಂದ ಮೋಡಗಳೆಲ್ಲ ಮೋಡದ ಹಾಗೆಯೇ ಇದ್ದವು, ಪಟ್ಟಿ ಇರಲಿಲ್ಲ. ಒಂದು ದಿನ ಫೋನಿನಲ್ಲಿ ನಾನೇ ಹೇಳಿದೆ, ಆ ಅಧ್ಯಾಯ ಬಿಟ್ಟುಬಿಡು, ಉಳಿದದ್ದನ್ನು ಕೊಟ್ಟು ಮುಗಿಸು ಎಂದು. ಅವಳು ಒಪ್ಪಲಿಲ್ಲ.

"ಬಿಟ್ಟರ ಏನಂತಾರ ಗೊತ್ತೇನು? ಅವರಣ್ಣ ಸುಳ್ಳ ಬರದಿದ್ದಾ ಅಂತಾರ. ಇನ್ನೊಂದ ಬ್ಯಾಸಗಿ ಆದ್ರೂ ಆಗಲಿ, ಮೋಡ ಬರೂ ತನಕ ನಾ ಕೊಡೂದಿಲ್ಲ."

ಮರುದಿನ ಬೆಳಿಗ್ಗೆ ಬುಟ್ಟಿ ಎತ್ತಿಕೊಂಡು ಖಾನಾಪುರದ ಬಸ್ಸು ಹತ್ತಿದೆ.

ಬುಟ್ಟಿ ಏಕೆ ಎಂದರೆ, ಬರೀ ಬಾಯಿಮಾತಿನಲ್ಲಿ ನಾನು ಹೇಳಿ ಮುಗಿಸುತ್ತೇನೆಂದು ನನಗೇ ನಂಬಿಕೆ ಇರಲಿಲ್ಲ. ಕೈಯಲ್ಲಿ ಬುಟ್ಟಿ ಇದ್ದರೆ ಅದಕ್ಕೊಂದು ಕಾರಣವನ್ನಾದರೂ ಹೇಳಬೇಕಾಗುತ್ತದೆ. ಬಸ್ಸಿನಲ್ಲಿ ಪಕ್ಕದ ಮುದುಕಿ ಬುಟ್ಟಿಯ ಹೆಣಿಗೆಯನ್ನು ಉಗುರಿನಿಂದ ಮೀಟಿ ನೋಡಿ, "ಟೋಪಲಿ ಕೇವಢ್ಯಾಲಾ?" ಎಂದು ಮರಾಠಿಯಲ್ಲಿ ಬೆಲೆ ಕೇಳಿದಳು. ಇದು ಮಾರುವುದಲ್ಲ ಎಂದೆ. ಅವಳು ನಂಬಲಿಲ್ಲ. ಇಳಿಯುವವರೆಗೂ ಒಂದೊಂದು ಊರು ದಾಟಿದಂತೆ ಒಂದೊಂದು ಬೆಲೆ ಏರಿಸುತ್ತ ಬಂದಳು. ಒಂದು ಹಂತದಲ್ಲಿ ಕೊಟ್ಟುಬಿಡೋಣ, ಬರಿಗೈಯಲ್ಲಿ ಹೋಗಿ ಉಂಡು ತಿರುಗಿ ಬರೋಣ ಎಂದು ಖಂಡಿತವಾಗಿಯೂ ಅನ್ನಿಸಿತು.

ಚಿಗವ್ವ ಬಾಗಿಲಲ್ಲೇ ಬುಟ್ಟಿ ಕಸಿದುಕೊಂಡಳು. ಬೆಳಗಾವಿಯಿಂದ ಅಕ್ಕ ಕಳಿಸಿದ್ದು ಎಂದುಕೊಂಡಳು. ಹಿತ್ತಲಿನಿಂದ ಆಗತಾನೆ ಕಿತ್ತ ಮಾವಿನಕಾಯಿಗಳನ್ನು ಅದಕ್ಕೆ ಸುರಿದು, ಎಷ್ಟು ದಿನದಿಂದ ಇಂಥದ್ದು ಬೇಕೆಂದಿದ್ದೆ ಎಂದು ಅವ್ವನನ್ನು ಹೊಗಳತೊಡಗಿದಳು. ನಾನು ಭಕ್ಕರಿ ತಿಂದೆ, ಮಜ್ಜಿಗೆ ಕುಡಿದೆ. ಆಮೇಲೆ ಎದ್ದು, ಮಾವಿನಕಾಯಿಗಳನ್ನು ಒಂದೊಂದಾಗಿ ನೆಲಕ್ಕೆ ಇಳಿಸಿ, ಬುಟ್ಟಿ ತೆಗೆದುಕೊಂಡೆ. ಇಂವಗ ಏನಾಗೈತಿ ಎಂದು ಚಿಗವ್ವ ಕೆನ್ನೆಯ ಮೇಲೆ ಕೈ ಇಟ್ಟು ನಿಂತಳು.

ತಂಗಿ ಮಾಳಿಗೆಯ ಮೇಲೆ ಛತ್ರಿಯ ನೆರಳಲ್ಲಿ ಕಂಪ್ಯೂಟರು ಹಿಡಿದು ಕೂತಿದ್ದಳು. ಮುಖ ಬಿಸಿಲಿಗೆ ಕರಿದಾಗಿತ್ತು. ಆಗಾಗ ಬೆಳಗಾವಿಯ ಕಡೆ ಕತ್ತೆತ್ತಿ ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ನನ್ನನ್ನು ಕಂಡು ನಕ್ಕಳು. ಬುಟ್ಟಿಯನ್ನು ಕಂಡು, ಇದೇನು ಎಂದಳು.

ಹೋಗಿ, ಅವಳ ಯಂತ್ರದ ತಲೆಯ ಮೇಲೆ ಬುಟ್ಟಿ ಮುಚ್ಚಿದೆ. ಕೈ ಪಳಗಿತ್ತು, ಒಂದೇ ಸಲಕ್ಕೆ ಸರಿಯಾಗಿ ಕೂತಿತು. ಅವಳು ದಡಬಡಿಸಿ ಎದ್ದಳು.

"ಏನ ಮಾಡಾಕತ್ತೀಯೋ?"

"ಒಂದ ತಾಸ ತಡಿ. ಆ ಗೆರಿ ನೋಡಕೋಂತ ಕೂಡು," ಎಂದೆ.

ಅವಳು ಏನು ಕಂಡಳೋ ನನ್ನ ಮುಖದಲ್ಲಿ, ಕೂತಳು. ಇಬ್ಬರೂ ಕೂತೆವು. ಬುಟ್ಟಿಯೊಳಗೆ ಯಂತ್ರ ಕಿರ್ರ್ ಎನ್ನುತ್ತಿತ್ತು. ಪರ‍ದೆಯ ಮೇಲೆ ಗೆರೆ ಬಿತ್ತು. ಸ್ವಲ್ಪ ಹೊತ್ತಿಗೆ ಎದ್ದಿತು. ಮತ್ತೆ ಬಿತ್ತು. ಹನ್ನೆರಡು ನಿಮಿಷ, ಹದಿಮೂರು ನಿಮಿಷ. ಅವಳು ಆಕಾಶ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಬುಟ್ಟಿಯನ್ನು ನೋಡಿದಳು. ಮತ್ತೆ ಗೆರೆ. ಅವಳು ಆ ಗೆರೆಯನ್ನು ಒಂದು ವರ್ಷದಿಂದ ಬಲ್ಲವಳು, ಯಾರೂ ಹೇಳಬೇಕಾಗಿರಲಿಲ್ಲ.

"ಏಳೂ ಸಲ?" ಎಂದಳು.

ತಲೆ ಆಡಿಸಿದೆ. ಕೆಳಗಿನಿಂದ ಚಿಗವ್ವ, ಆಟ ಮುಗಿದಿದ್ದರೆ ಬುಟ್ಟಿ ಕಳಿಸಿರಿ ಎಂದು ಕೂಗಿದಳು.

"ಬುಟ್ಟಿ ತೋರಿಸಿದ್ರ ಆಗೂದಿಲ್ಲ," ಎಂದಳು ತಂಗಿ. ದನಿ ಏರಿಸಲಿಲ್ಲ. ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬಾಯಿಲೆ ಹೇಳು."

ನಾನು ಬುಟ್ಟಿ ತೆಗೆದು ಪಕ್ಕಕ್ಕೆ ಇಟ್ಟೆ. ಗಾಜಿನ ಮೇಲೆ ಬಿದಿರಿನ ಪುಡಿ ಬಿದ್ದಿತ್ತು. ಅಂಗಿಯ ತುದಿಯಿಂದ ಅದನ್ನು ಒರೆಸಿದೆ. ಆ ಕೆಲಸವೊಂದು ನನಗೆ ಬರುತ್ತಿತ್ತು. ಆಮೇಲೆ ಹೇಳಿದೆ.

"ಮೋಡ ಇರಲಿಲ್ಲ, ತಂಗಿ. ಬುಟ್ಟಿ ಇತ್ತು. ಮಾಸ್ತರ ನನಗ ಸಾಹೇಬ್ರ ಅಂದ್ರು, ಅಷ್ಟಕ್ಕ ನಾ ನಿನ್ನ ಬಿಸಲ ಮುಚ್ಚಿದೆ. ಓಣ್ಯಾಗ ಕತ್ತಲಾಗ ಒಲಿ ಹಚ್ಚಸಿದ್ದೂ ನನ್ನ ಮಾತ. ಉಪಗ್ರಹ ಖರೇ ಹೇಳಿತ್ತು, ಕೆಳಗ ನಿಂತಾಂವ ಸುಳ್ಳ ಬರದಾ. ನಿನ್ನ ಒಂದ ವರ್ಷ ನಾ ತಿಂದೆ. ತಪ್ಪಾತವಾ. ನನ್ನ ತಪ್ಪಾತು."